ಹಾಡಿದವರ ಹೆಸರು

ಬಿ.ಎ. ಕಡೆಯ ವರ್ಷದಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳಿಗೆ ಪಾಠ ಕೇಳಿ ಪರೀಕ್ಷೆ ಬರೆದರೆ ಮುಗಿಯಲಿಲ್ಲ. ಒಂದು ಪತ್ರಿಕೆಯನ್ನು ತಾವೇ ರೂಪಿಸಿ, ಅಚ್ಚು ಹಾಕಿಸಿ ವಿಭಾಗಕ್ಕೆ ಒಪ್ಪಿಸಬೇಕು, ಅದಕ್ಕೂ ಅಂಕಗಳಿರುತ್ತವೆ. ನನ್ನ ತಂಗಿಯ ಮಗಳ ಗುಂಪಿಗೆ ಬಂದ ವಿಷಯ ಸಂಗೀತ ಪತ್ರಿಕೆ. 16 ಪುಟ, ಒಳಗೆ ಕಪ್ಪು ಬಿಳುಪು, ಮುಖಪುಟಕ್ಕೆ ಮಾತ್ರ ಬಣ್ಣ. ಜತೆಗೊಂದು ಷರತ್ತು: ಅಂಗಡಿಯಲ್ಲಿ ತೂಗುಹಾಕಿರುವಂಥ ಪತ್ರಿಕೆ ಆಗಬಾರದು, 'ಪರ್ಯಾಯ' ಪತ್ರಿಕೆ ಆಗಬೇಕು. ಐದು ಜನ ಹುಡುಗಿಯರು ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯನ್ನೇ ಕಚೇರಿ ಮಾಡಿಕೊಂಡು ಎರಡು ತಿಂಗಳು ಕೆಲಸ ಮಾಡಿದರು. ಅವರ ಮೊದಲನೆಯ ಪ್ರಶ್ನೆ ಇದು: "ದೊಡ್ಡಮ್ಮ, ಪರ್ಯಾಯ ಅಂದ್ರೆ ಯಾವುದಕ್ಕೆ ಪರ್ಯಾಯ?"

ನಾನು ಪತ್ರಿಕೋದ್ಯಮ ಓದಿದವಳಲ್ಲ. ಹುಟ್ಟಿ ಬೆಳೆದದ್ದು ಸಂಡೂರು ತಾಲ್ಲೂಕಿನ ವಡ್ಡು ಎಂಬ ಊರಿನಲ್ಲಿ; ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಿಯಾದೆ. ಆದ್ದರಿಂದ ಯಾರಾದರೂ ಪ್ರಶ್ನೆ ಕೇಳಿದರೆ "ಮೊದಲು ಇದನ್ನು ಯಾರು ಮಾಡಿದ್ದರು?" ಎಂದು ಹಿಂದಕ್ಕೆ ಹೋಗಿ ನೋಡುವುದು ನನ್ನ ಅಭ್ಯಾಸ. ಆ ಹುಡುಗಿಯರ ಜತೆ ನಾನೂ ಹಾಗೆ ಹಿಂದಕ್ಕೆ ಹೋಗಿ ಬಂದೆ. ಆ ದಾರಿಯಲ್ಲಿ ಕಂಡದ್ದನ್ನು ನಿಮ್ಮ ಜತೆ ಹಂಚಿಕೊಳ್ಳೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಹುಡುಗಿಯರು ಮೊಬೈಲಿನಲ್ಲಿ ಹುಡುಕಿ ಆಗಲೇ ಒಂದಿಷ್ಟು ಮಾಹಿತಿ ಕಲೆಹಾಕಿದ್ದರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1967ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಶುರುವಾದಾಗ ಅದರ ಸಂಪಾದಕ ಜಾನ್ ವೆನ್ನರ್‌ಗೆ ವಯಸ್ಸು 21. ಲಂಡನ್ನಿನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಮಾರ್ಕ್ ಪೆರಿ 1976ರಲ್ಲಿ 'ಸ್ನಿಫಿನ್ ಗ್ಲೂ' ಎಂಬ ಪತ್ರಿಕೆ ತೆಗೆದ. ಟೈಪ್ ಮಾಡುವುದು, ಶೀರ್ಷಿಕೆಗಳನ್ನು ದಪ್ಪ ಪೆನ್ನಿನಲ್ಲಿ ಕೈಯಿಂದ ಬರೆಯುವುದು, ಜೆರಾಕ್ಸ್ ಮಾಡಿ ಪಿನ್ ಹೊಡೆಯುವುದು, ಅಷ್ಟೇ. ದೊಡ್ಡ ಪತ್ರಿಕೆಗಳು ಮೂಗು ಮುರಿಯುತ್ತಿದ್ದ ಪಂಕ್ ಸಂಗೀತದ ಹುಡುಗರ ಬಗ್ಗೆ ಅದರಲ್ಲಿ ಬರೆಯುತ್ತಿದ್ದ. ನಮ್ಮ ದೇಶದಲ್ಲಿ 1993ರಲ್ಲಿ ಅಮಿತ್ ಸೈಗಲ್ 'ರಾಕ್ ಸ್ಟ್ರೀಟ್ ಜರ್ನಲ್' ಶುರುಮಾಡಿದ್ದು ಮುಂಬಯಿಯಲ್ಲೂ ಅಲ್ಲ, ದೆಹಲಿಯಲ್ಲೂ ಅಲ್ಲ, ಅಲಹಾಬಾದಿನಲ್ಲಿ. ಗಿಟಾರು ಹಿಡಿದು ಹಾಡುವ ಕಾಲೇಜು ಹುಡುಗರಿಗೆ ಬೇರೆ ಪತ್ರಿಕೆಗಳಲ್ಲಿ ಜಾಗವಿರಲಿಲ್ಲ. ಅದಕ್ಕೇ ಅದು ಹುಟ್ಟಿತು.

ಇವನ್ನೆಲ್ಲ ಓದಿ ಹೇಳಿದ ಮೇಲೆ ಹುಡುಗಿಯರು ತಾವೂ ಬೆಂಗಳೂರಿನ ಬ್ಯಾಂಡುಗಳ ಬಗ್ಗೆ ಬರೆಯುವುದೆಂದು ಹೊರಟರು. ನಾನು ಬೇಡವೆನ್ನಲಿಲ್ಲ. ಒಂದೇ ಮಾತು ಕೇಳಿದೆ: "ಆ ಮೂವರೂ ತಮ್ಮ ಊರಿನ ಪತ್ರಿಕೆಗಳಲ್ಲಿ ಯಾರು ಬರುತ್ತಿರಲಿಲ್ಲವೋ ಅವರ ಬಗ್ಗೆ ಬರೆದರು. ನಮ್ಮ ಸೀಮೆಯಲ್ಲಿ ಹಾಡುವವರು ಯಾರು? ಅವರಲ್ಲಿ ಪತ್ರಿಕೆಗೆ ಬಾರದವರು ಯಾರು?" ಪಡಸಾಲೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಪಟ್ಟಿ ಬೆಳೆಯತೊಡಗಿತು. ಸೋಬಾನೆ ಹಾಡುವವರು, ಮೊಹರಂನಲ್ಲಿ ಅಲಾಯಿ ಪದ ಹೇಳುವವರು, ತಾಂಡಾದ ಹೆಣ್ಣುಮಕ್ಕಳು, ಚೌಡಕಿ ಹಿಡಿದ ಜೋಗತಿಯರು, ಕಂಪನಿ ನಾಟಕದ ನಟಿಯರು, ಭಜನಾ ಮಂಡಳಿಯವರು. ಒಂದು ಹಾಳೆ ತುಂಬಿತು.

ಪತ್ರಿಕೆ ಎನ್ನುವುದಕ್ಕೂ ನಮ್ಮ ಬಳ್ಳಾರಿಗೂ ಹಳೆಯ ನಂಟಿದೆ, ಕೆಲವರಿಗೆ ಮಾತ್ರ ಗೊತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಇವತ್ತಿಗೂ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಅದರ ಸಂಪಾದಕ. 15 ದಿನಕ್ಕೊಮ್ಮೆ 4 ಪುಟ, ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಅಕ್ಷರ ಮೂಡಿಸಿ, ಮಸಿ ಹಚ್ಚಿ, ಕಾಗದ ಒತ್ತುವುದು. ಮರುವರ್ಷ, 1844ರ ಮಾರ್ಚಿನಲ್ಲಿ, ಆ ಪತ್ರಿಕೆ ಬಳ್ಳಾರಿಗೆ ಬಂತು. ಇಲ್ಲಿ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸುವ ಅನುಕೂಲವಿತ್ತು. ಹೆಸರೂ ಬದಲಾಗಿ 'ಕನ್ನಡ ಸಮಾಚಾರ' ಎಂದಾಯಿತು. ಮಂಗಳೂರಿನ ಹೆಸರು ಹೋಗಿ ಇಡೀ ಕನ್ನಡದ ಹೆಸರು ಬಂದದ್ದು ನಮ್ಮ ಬಳ್ಳಾರಿಯ ಅಚ್ಚಿನಲ್ಲಿ ಎಂದು ತರಗತಿಯಲ್ಲಿ ಹೇಳುವಾಗ ನನಗೆ ಒಂದು ಹೆಮ್ಮೆ ಇರುತ್ತಿತ್ತು.

ಅದೇ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. ಬಾಯಿಂದ ಬಾಯಿಗೆ ಬರುತ್ತಿದ್ದ ಹಾಡು ಕನ್ನಡದಲ್ಲಿ ಅಚ್ಚಿಗೆ ಇಳಿದ ಮೊದಮೊದಲ ಸಂದರ್ಭಗಳಲ್ಲಿ ಅದೊಂದು. ಇಲ್ಲಿ ಒಂದು ವಿಷಯ ಗಮನಿಸಿ. ದಾಸರ ಪದ ಯಾವ ಊರಿಗೆ ಹೋದರೂ, ಯಾರ ಬಾಯಲ್ಲಿ ಬಂದರೂ, ಕಡೆಯ ನುಡಿಯಲ್ಲಿ ಅಂಕಿತವಿರುತ್ತದೆ. ಅಂಕಿತ ದೇವರ ಹೆಸರೇ, ಆದರೂ ಕೇಳಿದವರಿಗೆ ಇದು ಪುರಂದರದಾಸರದು, ಇದು ಕನಕದಾಸರದು ಎಂದು ತಿಳಿಯುತ್ತದೆ. ನಮ್ಮ ಸೀಮೆಯವರೇ ಆದ ಹರಪನಹಳ್ಳಿ ಭೀಮವ್ವನವರನ್ನು ನೋಡಿ. 19ನೆಯ ಶತಮಾನದ ಹೆಣ್ಣುಮಗಳು. ಮನೆಯೊಳಗೆ ಹೆಂಗಸರು ಹಾಡಿಕೊಳ್ಳುವ ಹಾಡುಗಳನ್ನು ಕಟ್ಟಿದರು. 'ಭೀಮೇಶಕೃಷ್ಣ' ಎಂಬ ಅಂಕಿತ ಇದ್ದದ್ದರಿಂದ ಅವರ ಹಾಡು ಇವತ್ತಿಗೂ ಅವರದಾಗಿಯೇ ಉಳಿದಿದೆ. ಅದೇ ಕಾಲದಲ್ಲಿ ಹಾಡು ಕಟ್ಟಿದ, ಅಂಕಿತವಿಲ್ಲದ ಎಷ್ಟು ಜನ ಹೆಣ್ಣುಮಕ್ಕಳಿದ್ದರೋ! ಬೀಸುವ ಕಲ್ಲಿನ ಪದಕ್ಕೆ ಅಂಕಿತವಿಲ್ಲ. ಸೋಬಾನೆಗೆ ಅಂಕಿತವಿಲ್ಲ. ತೊಟ್ಟಿಲ ಪದಕ್ಕೂ ಇಲ್ಲ.

ಆ ಪದಗಳು ಪುಸ್ತಕವಾಗಲು 1931ರ ತನಕ ಕಾಯಬೇಕಾಯಿತು. ಬಿಜಾಪುರದ ಕಡೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹಾಡುಗಳನ್ನು ಕೂಡಿಸಿ 'ಗರತಿಯ ಹಾಡು' ತಂದರು. ಓದುಬಲ್ಲ ಪಟ್ಟಣದ ಜನಕ್ಕೆ ಹಳ್ಳಿಯ ಹೆಂಗಸರ ಕಾವ್ಯಶಕ್ತಿ ತಿಳಿದದ್ದು ಆ ಪುಸ್ತಕದಿಂದ. ಅವರು ಬರೆದುಕೊಳ್ಳದೇ ಹೋಗಿದ್ದರೆ ಎಷ್ಟೋ ತ್ರಿಪದಿಗಳು ಬೀಸುವ ಕಲ್ಲಿನ ಜತೆಯಲ್ಲೇ ಮೂಲೆ ಸೇರುತ್ತಿದ್ದವು. ಆ ಋಣ ದೊಡ್ಡದು. ಆದರೂ ಇತಿಹಾಸದವಳ ಕಣ್ಣಿಗೆ ಒಂದು ಕಾಣುತ್ತದೆ. ಕೂಡಿಸಿದವರ ಹೆಸರು ನಮಗೆ ಗೊತ್ತು. ಹಾಡಿದವಳು ಬರೀ 'ಗರತಿ'. ಆ ಕಾಲದಲ್ಲಿ ಯಾರಿಗೂ ಇದು ಕೊರತೆ ಎನಿಸಿರಲಿಕ್ಕಿಲ್ಲ. ಮಾನವಂತರ ಮನೆಯ ಹೆಂಗಸಿನ ಹೆಸರು ಹೊರಗೆ ಬರಬಾರದೆಂಬ ನಂಬಿಕೆಯೂ ಇತ್ತು.

ಹೆಸರು ಹೇಳಲೇಬೇಕಾದ ಸಂದರ್ಭ ಬೇರೊಂದು ಕಡೆ, ವ್ಯಾಪಾರದಲ್ಲಿ ಬಂತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಅದು ಜಂಬವಲ್ಲ. ತಟ್ಟೆಗಳು ತಯಾರಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಭಾಷೆ ಬಾರದು, ರಾಗ ತಿಳಿಯದು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂದು ಹಾಗೆ ಹೇಳಿಸುತ್ತಿದ್ದರು. ಅದರಿಂದಾಗಿ ನೂರು ವರ್ಷ ದಾಟಿದರೂ ಆಕೆಯ ದನಿಯಲ್ಲೇ ಆಕೆಯ ಹೆಸರು ಉಳಿದಿದೆ. ಗೌಹರ್ ಜಾನ್ ಕಡೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ತೀರಿಕೊಂಡದ್ದೂ ಅಲ್ಲೇ, 1930ರಲ್ಲಿ. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳ ಮೇಲೆ ಇದ್ದ ಹೆಸರು ಗಾಂಧಾರಿ. ಅದು ಅವರ ಚಿಕ್ಕಂದಿನ ಹೆಸರು. ಹೆಸರು ಬದಲಾಗಬಹುದು, ಬೇರೆಯವರು ಬದಲಾಯಿಸಲೂಬಹುದು. ಆದರೆ ತಟ್ಟೆಯ ಚೀಟಿಯ ಮೇಲೆ ಹಾಡಿದವರಿಗೆ ಜಾಗವಂತೂ ಇತ್ತು. ಮುಂದೆ ರೇಡಿಯೋ ಬಂದಾಗ ಆ ಪದ್ಧತಿ ಮುಂದುವರಿಯಿತು. ಹಾಡಿಗೆ ಮುಂಚೆ ಒಮ್ಮೆ, ಹಾಡಾದ ಮೇಲೆ ಒಮ್ಮೆ ಹೆಸರು. ಧಾರವಾಡ ಆಕಾಶವಾಣಿ ಹಚ್ಚಿಕೊಂಡು ಅಡುಗೆ ಮಾಡುತ್ತಿದ್ದ ನಮ್ಮ ತಲೆಮಾರಿನವರಿಗೆ ಎಷ್ಟು ಗಾಯಕಿಯರ ಹೆಸರು ಬಾಯಿಪಾಠವಾಗಿದ್ದವು!

1978ರಲ್ಲಿ 'ನಿತ್ಯೋತ್ಸವ' ಬಂದ ಮೇಲೆ ಭಾವಗೀತೆಗಳ ಕ್ಯಾಸೆಟ್ಟುಗಳು ಮನೆಮನೆಗೆ ಬಂದವು. ಕ್ಯಾಸೆಟ್ಟಿನ ಡಬ್ಬಿಯೊಳಗಿನ ಚೀಟಿಯಲ್ಲಿ ಕವಿಯ ಹೆಸರು, ರಾಗ ಹಾಕಿದವರ ಹೆಸರು, ಹಾಡಿದವರ ಹೆಸರು, ಮೂರೂ ಇರುತ್ತಿದ್ದವು. ಜನಪದ ಗೀತೆಗಳ ಕ್ಯಾಸೆಟ್ಟೂ ಬಂದವು. ಅವುಗಳಲ್ಲಿ ಕವಿಯ ಹೆಸರಿನ ಜಾಗದಲ್ಲಿ 'ಜನಪದ' ಎಂದಿರುತ್ತಿತ್ತು.

ಆ ಶಬ್ದ ನೋಡಿದಾಗೆಲ್ಲ ನನಗೆ ನಮ್ಮವ್ವನ ನೆನಪಾಗುತ್ತದೆ. ವಡ್ಡಿನಲ್ಲಿ ಮದುವೆಯಾಗಲಿ, ಸೀಮಂತವಾಗಲಿ, ಆರತಿ ಎತ್ತುವ ಹೊತ್ತಿಗೆ "ಆಕಿನ್ನ ಕರೀರಿ" ಎನ್ನುತ್ತಿದ್ದರು. ನಮ್ಮವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಹಾಡಿಗೆ ಲೆಕ್ಕವಿರಲಿಲ್ಲ. 1980ರ ದಶಕದ ಮೊದಲಲ್ಲಿ ಜನಪದ ಗೀತೆ ಸಂಗ್ರಹಿಸುವ ಒಬ್ಬರು ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬಂದು ಮೂರು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತರು. ಅವ್ವ ಎಮ್ಮೆ ಹಿಂಡಿ ಬಂದು ಹಾಡಿದಳು. ಎರಡು ವರ್ಷದ ಮೇಲೆ ಪುಸ್ತಕ ಬಂತು, ಅವರ ಹೆಸರಿನಲ್ಲಿ. ಅವ್ವನ ಹಾಡುಗಳೂ ಅದರಲ್ಲಿದ್ದವು. ಪ್ರತಿ ಹಾಡಿನ ಕೆಳಗೆ 'ವಡ್ಡು' ಎಂದು ಊರ ಹೆಸರಿತ್ತು. ನಾನು ಓದಿ ಹೇಳಿದೆ. ಅವ್ವ ಕೇಳಿ ಖುಷಿಪಟ್ಟಳು, ಒಂದೆರಡು ಕಡೆ ಪದ ತಪ್ಪಾಗಿದೆ ಎಂದೂ ಹೇಳಿದಳು. ಆಮೇಲೆ, "ಇದು ನಾನು ಹಾಡಿದ್ದು ಅಂತ ಎಲ್ಲಿ ಬರ್ದಾರ?" ಎಂದು ಕೇಳಿದಳು. ಸಿಟ್ಟಿನಿಂದಲ್ಲ, ಸುಮ್ಮನೆ, ಕೊಟ್ಟ ಪಾತ್ರೆ ಎಲ್ಲಿಟ್ಟಿದ್ದೀರಿ ಎಂದು ಕೇಳುವ ಹಾಗೆ.

ಇಡೀ ಊರಿನ ಹೆಸರಿನಲ್ಲಿ ಕರಗಿಹೋಗದೆ, ತನ್ನ ಹೆಸರಿನಿಂದಲೇ ಊರಿನ ಹೆಸರನ್ನು ಎತ್ತಿ ನಿಲ್ಲಿಸಿದವರೂ ನಮ್ಮ ಸೀಮೆಯಲ್ಲಿದ್ದಾರೆ. ದರೋಜಿ ಈರಮ್ಮ. ಬುರ್ರಕಥಾ ಈರಮ್ಮ ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಅಲೆಮಾರಿಗಳಾದ ಬುಡ್ಗ ಜಂಗಮ ಸಮುದಾಯದ ಹೆಣ್ಣುಮಗಳು. ಓದು ಬರಹ ಇಲ್ಲ. 12 ಜನಪದ ಮಹಾಕಾವ್ಯಗಳು ನೆನಪಿನಲ್ಲಿದ್ದವು. ಅಚ್ಚು ಹಾಕಿದರೆ ಸಾವಿರಾರು ಪುಟ. ಒಂದು ಕಥೆ ಶುರುವಾದರೆ ರಾತ್ರಿಯಿಡೀ. ಮನೆಯ ಹೆಣ್ಣುಮಕ್ಕಳೇ ಆದ ಶಿವಮ್ಮ, ಪಾರ್ವತಮ್ಮ ಜತೆಗೂಡಿ ಹಾಡುತ್ತಿದ್ದರು. 14ನೆಯ ಶತಮಾನದ ಮೊದಲಲ್ಲಿ ಕಂಪ್ಲಿಯ ಕಂಪಿಲರಾಯನ ಮಗ ಕುಮಾರರಾಮ ದೆಹಲಿಯ ಸೈನ್ಯದ ವಿರುದ್ಧ ಹೋರಾಡಿದ ಕಥೆಯನ್ನು ನಾನು ಪಾಠ ಮಾಡುವಾಗ ಪುಸ್ತಕ ನೋಡಿಕೊಳ್ಳಬೇಕಿತ್ತು. ಈರಮ್ಮನವರಿಗೆ ಯಾವ ಪುಸ್ತಕವೂ ಬೇಕಿರಲಿಲ್ಲ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಅವರಿಗೆ ಬಂದವು. 2014ರ ಆಗಸ್ಟಿನಲ್ಲಿ ತೀರಿಕೊಂಡರು. ಅಕ್ಷರ ಬಾರದ ಈ ಅಜ್ಜಿಗೆ ವಿಶ್ವವಿದ್ಯಾಲಯ ಗೌರವ ಕೊಟ್ಟಾಗ ನಮ್ಮ ಕಡೆಯ ಹೆಂಗಸರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ನೆನಪಿಡಿ, ಅವರ ಹೆಸರು ಹೊರಜಗತ್ತಿಗೆ ತಿಳಿಯುವ ಹೊತ್ತಿಗೆ ಅವರು ಆಗಲೇ ಮುಪ್ಪಿನ ಹೊಸ್ತಿಲಿನಲ್ಲಿದ್ದರು.

ಹುಡುಗಿಯರಿಗೆ ಇಷ್ಟೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು: "ಸರಿ ದೊಡ್ಡಮ್ಮ, ಹಾಗಾದ್ರೆ ಪುಟದ ಮೇಲೆ ಏನು ಬೇರೆ ಮಾಡೋದು?" ಅದಕ್ಕೆ ಉತ್ತರ ನನ್ನ ಬಳಿ ಇರಲಿಲ್ಲ. ಅದು ನಮ್ಮ ಮನೆಯ ಟ್ರಂಕಿನಲ್ಲಿತ್ತು.

ನಮ್ಮತ್ತೆಯವರ ಹಾಡಿನ ನೋಟ್‌ಬುಕ್ಕು ಅದು. ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಇಂಥದ್ದೊಂದು ಇರುತ್ತದೆ. 200 ಪುಟದ ಉದ್ದನೆಯ ಪುಸ್ತಕ, ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು, ಮೊದಲ ಪುಟದಲ್ಲಿ ಶ್ರೀಕಾರ, ಅರಿಸಿನ ಕುಂಕುಮದ ಕಲೆ. ದೇವರನಾಮ, ಆರತಿ ಹಾಡು, ಬೀಗರಿಗೆ ಹೇಳುವ ಹಾಡು, ನಡುವೆ ಒಂದೆರಡು ಸಿನಿಮಾ ಹಾಡು, ಹಿಂದಿನ ಪುಟದಲ್ಲಿ ಹಾಲಿನ ಲೆಕ್ಕ. ನಮ್ಮತ್ತೆ ಮಾಡಿದ್ದ ಒಂದು ಕೆಲಸ ಮಾತ್ರ ವಿಶೇಷ. ಪ್ರತಿ ಹಾಡಿನ ಪಕ್ಕದ ಅಂಚಿನಲ್ಲಿ ಅದು ಯಾರಿಂದ ಬಂತೆಂದು ಸೀಸದಕಡ್ಡಿಯಲ್ಲಿ ಬರೆದಿದ್ದರು. 'ಕಂಪ್ಲಿ ಚಿಕ್ಕಮ್ಮ ಹೇಳಿಕೊಟ್ಟದ್ದು, ಶ್ರಾವಣ.' 'ಕಮಲಾಪುರದ ಬಳೆಗಾರ್ತಿ ಹಾಡಿದ್ದು, ಎರಡು ನುಡಿ ಮರೆತಿದ್ದಾಳೆ.' 'ರೇಡಿಯೋ, ಧಾರವಾಡ.' 'ಇದಕ್ಕೆ ನಮ್ಮಮ್ಮನ ಧಾಟಿ ಬೇರೆ.' ಹುಡುಗಿಯರು ಆ ಅಂಚುಗಳನ್ನು ಓದುತ್ತ ಓದುತ್ತ ಮೂಲ ಹಾಡನ್ನೇ ಮರೆತರು. ಯಾವ ಹಾಡು ಯಾವ ಊರಿನಿಂದ ಯಾರ ಸೊಸೆಯ ಜತೆ ಬಂತು, ಎಲ್ಲಿ ಒಂದು ನುಡಿ ಕಳೆದುಕೊಂಡಿತು, ಎಲ್ಲಿ ಹೊಸ ಧಾಟಿ ಹಾಕಿಕೊಂಡಿತು, ಎಲ್ಲ ಅಲ್ಲಿತ್ತು.

ಅವರ ಪತ್ರಿಕೆಯ ವಿನ್ಯಾಸ ಅಲ್ಲಿಂದ ಹುಟ್ಟಿತು. ಪುಟದ ಮುಕ್ಕಾಲು ಭಾಗ ಬರಹಕ್ಕೆ, ಕಾಲು ಭಾಗ ಅಂಚಿಗೆ. ಅಂಚಿನಲ್ಲಿ ನಾಲ್ಕು ಸಾಲು ಕಡ್ಡಾಯ: ಹಾಡಿದವರು ಯಾರು, ಅವರು ಕಲಿತದ್ದು ಯಾರಿಂದ, ಎಲ್ಲಿ ಯಾವಾಗ ಹಾಡಿದ್ದು, ಬರೆದುಕೊಂಡವರು ಯಾರು. ಬರೆದುಕೊಂಡವರ ಹೆಸರು ಕಡೆಯಲ್ಲಿ. ಇಷ್ಟೇ ನಿಯಮ. ಅಂಗಡಿಯ ಪತ್ರಿಕೆಗಳಲ್ಲಿ ಲೇಖಕರ ಹೆಸರು ಮೇಲೆ ದಪ್ಪ ಅಕ್ಷರದಲ್ಲಿರುತ್ತದೆ. ಇಲ್ಲಿ ಅದು ಸಣ್ಣದಾಗಿ ಕೆಳಗೆ ಇಳಿಯಿತು.

ಅಚ್ಚಿನ ಲೆಕ್ಕವೂ ಕಲಿಯುವಂಥದ್ದೇ. 16 ಪುಟ ಎಂದು ವಿಭಾಗದವರು ಸುಮ್ಮನೆ ಹೇಳಿದ್ದಲ್ಲ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮೂರು ಸಲ ಮಡಿಸಿದರೆ 16 ಪುಟ ಬರುತ್ತದೆ. ಪ್ರೆಸ್ಸಿನವರು ಇದನ್ನು ಒಂದು ಫಾರಂ ಎನ್ನುತ್ತಾರೆ. ಒಂದು ಪುಟ ಹೆಚ್ಚು ಬೇಕೆಂದರೆ ಬರುವುದಿಲ್ಲ. ಹಾಗಾಗಿ ಒಬ್ಬರಿಗೆ ಜಾಗ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ. ಪಟ್ಟಿಯಲ್ಲಿದ್ದವರೆಲ್ಲ ಹಿಡಿಸಲಿಲ್ಲ, ಜಗಳವಾಯಿತು. ಕಡೆಗೆ ಮಂಜಮ್ಮ ಜೋಗತಿಯವರ ಬಗ್ಗೆ ಎರಡು ಪುಟ. ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ ಜೋಗತಿ ಕಲೆಯನ್ನು ವೇದಿಕೆಗೆ ತಂದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಅವರ ರಂಗಗೀತೆಗೆ ಎರಡು ಪುಟ; 2020ರಲ್ಲಿ ಅವರು ಹೋದಾಗ ಕಂಪನಿ ನಾಟಕದ ಒಂದು ದೊಡ್ಡ ಕಂಠ ಹೋಯಿತು. ನಡುಪುಟ ಎರಡೂ ಈರಮ್ಮನವರಿಗೆ. ಅಲ್ಲಿ ಜತೆಗಾರ್ತಿಯರ ಹೆಸರೂ ಅಷ್ಟೇ ದೊಡ್ಡ ಅಕ್ಷರದಲ್ಲಿ. ಉಳಿದ ಪುಟಗಳು ಹೆಸರು ಕೇಳಿರದವರಿಗೆ.

ಕೆಲಸ ಶುರುವಾದ ಮೇಲೆ ನಿಯಮ ನಾವೆಣಿಸಿದಷ್ಟು ಸುಲಭವಲ್ಲ ಎಂದು ತಿಳಿಯಿತು. ಸಂಡೂರಿನ ಹತ್ತಿರದ ಸುಶೀಲಾನಗರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕುತ್ತಾ ಹಾಡುವುದನ್ನು ಕೇಳಿಸಿಕೊಂಡು ಬಂದರು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹೊಲಿಗೆಗೆ ಊರಿನ ಹೆಸರಿನ ಮುದ್ರೆ ಇದೆ, ಹೊಲಿಯುವಾಗ ಬರುವ ಹಾಡಿಗೆ ಇಲ್ಲ. ಅವರ ಗೋರ್‌ಬೋಲಿಗೆ ತನ್ನದೇ ಲಿಪಿಯಿಲ್ಲ, ಕನ್ನಡದಲ್ಲಿ ಬರೆಯಬೇಕು. ಬರೆದದ್ದನ್ನು ಓದಿ ಹೇಳಿದರೆ ಹಾಡಿದವರೇ ನಕ್ಕರು. ಮೂರು ಸಲ ತಿದ್ದಿಸಿಕೊಂಡರು. ಹಾಡಿದವರಿಗೆ ಓದಿ ತೋರಿಸದೆ ಯಾವುದನ್ನೂ ಅಚ್ಚಿಗೆ ಕೊಡಬಾರದೆಂಬ ಎರಡನೆಯ ನಿಯಮ ಅಲ್ಲಿ ಬಂತು.

ವಡ್ಡಿಗೂ ಹೋದರು. 1990ರ ದಶಕದಲ್ಲಿ ಪಕ್ಕದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಬಂದ ಮೇಲೆ ನಮ್ಮೂರು ಗುರುತು ಸಿಗದಷ್ಟು ಬದಲಾಗಿದೆ. ಬೇರೆ ಬೇರೆ ರಾಜ್ಯಗಳಿಂದ ಕೆಲಸಕ್ಕೆ ಬಂದವರು ಬಾಡಿಗೆ ಮನೆಗಳಲ್ಲಿದ್ದಾರೆ, ಅವರ ಮೊಬೈಲಿನಲ್ಲಿ ಅವರವರ ಊರಿನ ಹಾಡು. ಹುಡುಗಿಯರಲ್ಲೊಬ್ಬಳು "ಇವರೂ ನಮ್ಮ ಪುಟಕ್ಕೆ ಬರಬೇಕಲ್ಲವಾ?" ಎಂದಳು. ಅರ್ಧ ಪುಟ ಅವರಿಗೂ ಸಿಕ್ಕಿತು.

ನಮ್ಮವ್ವನ ವಾರಗೆಯ ಒಬ್ಬ ಮುದುಕಿ ಇನ್ನೂ ಇದ್ದಾರೆ. ಸೋಬಾನೆ ಹಾಡಿದರು. ಹೆಸರು ಬರೆದುಕೊಳ್ಳಲು ಹೋದಾಗ ತಡೆದರು. "ನನ್ನ ಹೆಸ್ರು ಬ್ಯಾಡವ್ವ. ಹಾಡು ನಂದಲ್ಲ, ನಮ್ಮವ್ವಂದು. ಹಾಕೋದಿದ್ರ ಆಕಿ ಹೆಸ್ರು ಹಾಕ್ರಿ." ಹುಡುಗಿಯರು ಎರಡೂ ಹೆಸರು ಹಾಕುತ್ತೇವೆಂದು ಒಪ್ಪಿಸಲು ನೋಡಿದರು. ಆಕೆ ಒಪ್ಪಲಿಲ್ಲ. ಇನ್ನೊಬ್ಬಾಕೆಗೆ ಬೇರೆ ಅಂಜಿಕೆ: "ಬೀಗರು ಏನಂದ್ಕಂತಾರೋ, ಮಗಳ ಮದುವಿ ಆಗಾದೈತಿ." ರಾತ್ರಿ ಪಡಸಾಲೆಯಲ್ಲಿ ದೊಡ್ಡ ಚರ್ಚೆ. ಹೆಸರು ಹಾಕಲೆಂದೇ ಹೊರಟ ಪತ್ರಿಕೆ, ಹೆಸರು ಬೇಡ ಎಂದವರನ್ನು ಏನು ಮಾಡಬೇಕು? ಒತ್ತಾಯ ಮಾಡಿದರೆ ನಮ್ಮವ್ವನಿಂದ ಕೇಳದೆ ತೆಗೆದುಕೊಂಡವರಿಗೂ ಇವರಿಗೂ ಏನು ಅಂತರ? ಕಡೆಗೆ ಮೊದಲನೆಯವರ ಅಂಚಿನಲ್ಲಿ ಅವರ ತಾಯಿಯ ಹೆಸರು ಬಂತು, ಪಕ್ಕದಲ್ಲಿ 'ಮಗಳ ಬಾಯಿಂದ ಕೇಳಿದ್ದು' ಎಂದು. ಎರಡನೆಯವರ ಅಂಚಿನಲ್ಲಿ 'ಹೆಸರು ಬೇಡವೆಂದರು' ಎಂದು ಬರೆದರು. ಹೆಸರು ಬಿಟ್ಟುಹೋಗಿಲ್ಲ, ಕೇಳಿ ಬಿಟ್ಟಿದ್ದೇವೆ ಎಂಬುದು ಓದುವವರಿಗೆ ತಿಳಿಯಬೇಕು.

ಇದೆಲ್ಲ ಬರೀ ಒಳ್ಳೆಯತನದ ಮಾತೂ ಅಲ್ಲ, ಕಾನೂನಿನಲ್ಲೂ ಇದೆ. ನಮ್ಮ ಕೃತಿಸ್ವಾಮ್ಯ ಕಾಯಿದೆ 1957ರದು. ಹಾಡುವವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆಯೆಂದು ಅದಕ್ಕೆ ಸೇರಿಸಿದ್ದು 1994ರ ತಿದ್ದುಪಡಿಯಲ್ಲಿ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇದನ್ನು ಹಾಡಿದವಳು ನಾನು ಎಂದು ಗುರುತಿಸಿಕೊಳ್ಳುವ ಹಕ್ಕನ್ನು ಕಲಾವಿದರಿಗೆ ಕೊಟ್ಟಿದೆ. ನಮ್ಮವ್ವ ಕಟ್ಟೆಯ ಮೇಲೆ ಕೂತು ಕೇಳಿದ ಪ್ರಶ್ನೆ ಕಾಯಿದೆಯ ಪುಸ್ತಕ ಸೇರಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಮುಖಪುಟಕ್ಕೆ ಕಡೆಯ ಜಗಳ. ಯಾರಾದರೂ ಪ್ರಸಿದ್ಧರ ಮುಖ ಹಾಕಿದರೆ ಚೆನ್ನಾಗಿ ಕಾಣುತ್ತದೆ, ಅಂಕವೂ ಬರುತ್ತದೆ ಎಂದು ಇಬ್ಬರು. ಹೆಸರಿಲ್ಲದ ಮುದುಕಿಯ ಮುಖ ಹಾಕಿದರೆ ಅದೂ ಒಂದು ಬಗೆಯ ಪ್ರದರ್ಶನವೇ ಎಂದು ಮತ್ತಿಬ್ಬರು. ಇದು ಯೋಚಿಸಬೇಕಾದ ಮಾತು. ಸುಕ್ಕುಗಟ್ಟಿದ ಮುಖ, ಮೂಗುತಿ, ಹಣೆತುಂಬ ಕುಂಕುಮ, ಕೆಳಗೆ ಹೆಸರಿಲ್ಲ: ಇಂಥ ಎಷ್ಟು ಚಿತ್ರಗಳನ್ನು ನಾವು ಕ್ಯಾಲೆಂಡರುಗಳಲ್ಲಿ ನೋಡಿಲ್ಲ! ಕೊನೆಗೆ ಬಣ್ಣದ ಮುಖಪುಟದಲ್ಲಿ ಬಂದದ್ದು ನಮ್ಮತ್ತೆಯ ನೋಟ್‌ಬುಕ್ಕಿನ ಒಂದು ಪುಟ, ಅರಿಸಿನದ ಕಲೆ, ಅಂಚಿನ ಸೀಸದಕಡ್ಡಿ ಬರಹ ಎಲ್ಲ ಸಮೇತ. ಪ್ರೆಸ್ಸಿನ ಹುಡುಗ ಕಲೆಯನ್ನು ಕಂಪ್ಯೂಟರಿನಲ್ಲಿ ಅಳಿಸಿಕೊಟ್ಟಿದ್ದ. ಮತ್ತೆ ಹಾಕಿಸಿದರು.

ಅಚ್ಚಾದದ್ದು 100 ಪ್ರತಿ. ವಿಭಾಗಕ್ಕೆ 3 ಕೊಟ್ಟು, ಉಳಿದವನ್ನು ಹಾಡಿದವರ ಮನೆಗಳಿಗೆ ತಲುಪಿಸಿದರು. ಆ ಮುದುಕಿ ತಾಯಿಯ ಹೆಸರಿರುವ ಪುಟವನ್ನು ಮೊಮ್ಮಗನಿಂದ ಎರಡು ಸಲ ಓದಿಸಿಕೊಂಡರಂತೆ. ಅಂಕ ಚೆನ್ನಾಗಿಯೇ ಬಂತು. ಆದರೆ 'ವಿನ್ಯಾಸದಲ್ಲಿ ಅಂಚು ಅತಿಯಾಯಿತು' ಎಂದು ಒಬ್ಬರು ಬರೆದಿದ್ದರು. ಹುಡುಗಿಯರು ಈಗ ಬೇರೆ ಬೇರೆ ಊರು ಸೇರಿದ್ದಾರೆ. ಎರಡನೆಯ ಸಂಚಿಕೆ ಬರಲಿಲ್ಲ, ಬರುತ್ತದೆಂದು ನಾನೂ ಎಣಿಸಿಲ್ಲ.

ಆದರೆ ಅಂಚು ಅತಿಯಾಯಿತೆಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಇತಿಹಾಸ ಪಾಠ ಮಾಡುವಾಗ ಶಾಸನಗಳಲ್ಲಿ ರಾಜನ ಹೆಸರು, ದಾನ ಕೊಟ್ಟವರ ಹೆಸರು ಮಾತ್ರವಲ್ಲ, ಕೆಲವೊಮ್ಮೆ ಕಡೆಯ ಸಾಲಿನಲ್ಲಿ ಕಲ್ಲು ಕೆತ್ತಿದವನ ಹೆಸರೂ ಇರುವುದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಉಳಿ ಹಿಡಿದವನಿಗೆ ಆ ಒಂದು ಸಾಲು ಸಿಕ್ಕಿತು. ಹಾಡು ಹೇಳಿದವಳಿಗೆ ಉಳಿಯೂ ಇರಲಿಲ್ಲ, ಕಲ್ಲೂ ಇರಲಿಲ್ಲ.

ನಿಮ್ಮ ಮನೆಯಲ್ಲೂ ಹಾಡಿನ ನೋಟ್‌ಬುಕ್ಕು ಇರಬಹುದು. ಈಗ ಬಹಳ ಜನ ಮೊಬೈಲಿನಲ್ಲೇ ಹಾಡು ಇಟ್ಟುಕೊಳ್ಳುತ್ತಾರೆ, ಅದೂ ಆಗಬಹುದು. ಬರುವ ಶ್ರಾವಣಕ್ಕೋ ಗೌರಿಹಬ್ಬಕ್ಕೋ ಅದನ್ನು ಹೊರತೆಗೆದಾಗ, ಗೊತ್ತಿದ್ದಷ್ಟು ಹಾಡುಗಳ ಪಕ್ಕದಲ್ಲಿ ಅದು ಯಾರು ಹೇಳಿಕೊಟ್ಟದ್ದು, ಯಾವ ಊರಿನದು, ಯಾವ ವರ್ಷ ಎಂದು ಬರೆದಿಡಿ. ಹೇಳಿಕೊಟ್ಟವರು ಇನ್ನೂ ಇದ್ದರೆ ಅವರು ಯಾರಿಂದ ಕಲಿತರೆಂದು ಕೇಳಿ. ಹೆಸರು ಬೇಡವೆಂದರೆ ಅದನ್ನೂ ಬರೆಯಿರಿ. ಪೆನ್ನು ಒಳ್ಳೆಯದು, ನಮ್ಮತ್ತೆಯ ಸೀಸದಕಡ್ಡಿಯ ಬರಹ ಕೆಲವು ಪುಟಗಳಲ್ಲಿ ಈಗಲೇ ಮಾಸುತ್ತಾ ಬಂದಿದೆ.